ನಲವತ್ತು ಬಣ್ಣದ ಡಬ್ಬಿಯಲ್ಲಿ ಸವೆಯುವುದು ನಾಲ್ಕೇ

ಭರಮಸಾಗರದ ಕೆರೆಗೆ ತುಂಗಭದ್ರೆಯ ನೀರು ಬಂದಿದ್ದರಿಂದ ಯಾರಿಗೆ ಲಾಭವಾಯಿತು ಎಂದು ಕೇಳಿ ನೋಡಿ. ರೈತರು ಬೋರ್‌ವೆಲ್ ಕಡೆ ಕೈ ತೋರಿಸುತ್ತಾರೆ, ಅಡಿಕೆ ಸಸಿ ಮಾರುವವರು ಸುಮ್ಮನೆ ನಗುತ್ತಾರೆ. ಫ್ಯಾನ್ಸಿ ಸ್ಟೋರಿನವರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೋರಿನಲ್ಲಿ ನೀರು ಬಂದರೆ ಅಡಿಕೆ, ಅಡಿಕೆ ಕೈಗೆ ಬಂದರೆ ಮದುವೆ ಜೋರು, ಮದುವೆ ಜೋರಾದರೆ ಮದುಮಗಳ ಕಣ್ಣರೆಪ್ಪೆಗೂ ಒಂದು ಬಜೆಟ್ಟು. ಮುನ್ನೂರು ವರ್ಷದ ಹಿಂದೆ ಕೆರೆ ಕಟ್ಟಿಸಿದ ಚಿತ್ರದುರ್ಗದ ಭರಮಣ್ಣ ನಾಯಕ ಬೇರೆ ಏನೇನು ಊಹಿಸಿದ್ದನೋ, ಐ ಶ್ಯಾಡೋ ಪ್ಯಾಲೆಟ್ಟನ್ನಂತೂ ಊಹಿಸಿರಲಾರ.

ಮೊನ್ನೆ ಅಂಥ ಒಂದು ಅಂಗಡಿಯಲ್ಲಿ ಬಳೆ ನೋಡುತ್ತಾ ನಿಂತಿದ್ದೆ. ತಾಯಿ, ಮದುವೆ ಗೊತ್ತಾದ ಮಗಳು, ಹಿಂದೆ ಚೀಲ ಹೊತ್ತ ಸೋದರಮಾವ ಬಂದರು. ಅಂಗಡಿಯವನು ತಗಡಿನಷ್ಟು ತೆಳ್ಳಗಿನ ದೊಡ್ಡ ಡಬ್ಬಿ ಬಿಚ್ಚಿ ಮುಂದಿಟ್ಟ.

“ಇದ್ರಾಗೆ ನಲವತ್ತು ಬಣ್ಣ ಐತಕ್ಕಾ. ನೂರೆಂಬತ್ತೇ ರೂಪಾಯಿ.”

ತಾಯಿ ಬಾಯಲ್ಲೇ ಭಾಗಾಕಾರ ಮುಗಿಸಿದಳು. ಬಣ್ಣಕ್ಕೆ ನಾಲ್ಕೂವರೆ ರೂಪಾಯಿ. “ಆ ಸಣ್ಣದು ಎಷ್ಟಪ್ಪಾ?”

“ಅದು ಕಂಪನೀದು. ಒಂಬತ್ತು ಬಣ್ಣ. ಮುನ್ನೂರೈವತ್ತು.”

“ಒಂಬತ್ತಕ್ಕೆ ಅಷ್ಟು ರೊಕ್ಕನಾ?”

ಸೋದರಮಾವ ಚೀಲ ಕೆಳಗಿಟ್ಟು ಕೇಳಿದ, “ಇರೋವು ಎರಡು ಕಣ್ಣು. ನಲವತ್ತು ಎಲ್ಲಿಗೆ ಹಚ್ಕಂತೀಯವ್ವಾ?”

ಆ ಹೊತ್ತು ಆ ಅಂಗಡಿಯಲ್ಲಿ ಹುಟ್ಟಿದ ಒಂದೇ ಒಂದು ತಜ್ಞರ ಮಾತು ಅದು. ಗಂಡಸಿನ ಬಾಯಿಂದ ಬಂದಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತರ ಡಬ್ಬಿಯೇ ಚೀಲ ಸೇರಿತು.

ನಾಲ್ಕೂವರೆ ರೂಪಾಯಿಗೆ ಬಂದದ್ದೇನು ಅಂತೀರಾ? ಐ ಶ್ಯಾಡೋ ಅನ್ನುವುದು ಬಹುಪಾಲು ಟಾಲ್ಕ್ ಮತ್ತು ಅಭ್ರಕದ ಪುಡಿ. ಅದಕ್ಕೆ ಬಣ್ಣ ಸೇರಿಸಿ, ಒಂದಿಷ್ಟು ಎಣ್ಣೆಯಂಥ ಅಂಟು ಹಾಕಿ, ಪುಟ್ಟ ತಟ್ಟೆಗೆ ಒತ್ತಿ ಕೂರಿಸುತ್ತಾರೆ. ಮಿಂಚಬೇಕಾದರೆ ಅಭ್ರಕದ ಚಕ್ಕೆಗೆ ಟೈಟಾನಿಯಂ ಡೈಆಕ್ಸೈಡಿನ ತೆಳ್ಳನೆಯ ಲೇಪ. ಕಂದು, ಇಟ್ಟಿಗೆ ಕೆಂಪು, ಹಳದಿ ಬರುವುದು ಐರನ್ ಆಕ್ಸೈಡಿನಿಂದ. ಭೀಮಸಮುದ್ರದ ಕಡೆ ಅದಿರಿನ ಲಾರಿ ಹಿಂದೆ ಬೈಕಿನಲ್ಲಿ ಹೋದವರಿಗೆ ಇದೇ ಸಂಸಾರದ ಕೆಂಪು ಪುಡಿ ಪುಕ್ಕಟೆ ಸಿಗುತ್ತದೆ. ಕಣ್ಣಿಗಷ್ಟೇ ಅಲ್ಲ, ಮೂಗು ಕಿವಿಗೂ. ಕಂಪನಿಯವರು ಬಳಸುವುದು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ್ದು, ಸೀಸ ಆರ್ಸೆನಿಕ್ ಬೆರೆಯದ ಹಾಗೆ ಪರೀಕ್ಷೆ ಮಾಡಿದ್ದು ಎಂಬುದೇ ವ್ಯತ್ಯಾಸ. ಬೆಲೆ ಇಳಿಸಬೇಕೆಂದರೆ ಸುಲಭದ ದಾರಿ ಒಂದೇ: ಬಣ್ಣ ಕಡಿಮೆ ಮಾಡು, ಟಾಲ್ಕ್ ಜಾಸ್ತಿ ಮಾಡು. ಹಾಗಾಗಿ ನಲವತ್ತು ಗುಳಿಯ ಡಬ್ಬಿಯಲ್ಲಿ ಎಷ್ಟೋ ಸಲ ಇರುವುದು ನಲವತ್ತು ಹೆಸರಿನ ಒಂದೇ ಪೌಡರು.

ನನ್ನ ಮಾತು ನಂಬಬೇಡಿ. ನೆಂಟರ ಮನೆಗೆ ಹೋದಾಗ, ಚಹಾ ಬರುವುದರೊಳಗೆ, ಕನ್ನಡಿ ಮುಂದಿನ ಹಳೆಯ ಪ್ಯಾಲೆಟ್ ಒಂದನ್ನು ತೆರೆದು ನೋಡಿ. ಎರಡು ಕಂದು ಬಣ್ಣದ ತಳದಲ್ಲಿ ತಗಡು ಕಾಣುತ್ತಿರುತ್ತದೆ. ಒಂದು ಬಂಗಾರದ ಬಣ್ಣ ಅರ್ಧ ಕರಗಿರುತ್ತದೆ, ಕಪ್ಪು ಮೂಲೆಯಲ್ಲಿ ಕೆದರಿರುತ್ತದೆ. ಮಿಕ್ಕ ನೀಲಿ, ಗಿಳಿಹಸಿರು, ಬಾಳೆಹಣ್ಣಿನ ಹಳದಿಗಳು ಅಂಗಡಿಯಿಂದ ಬಂದ ದಿನ ಹೇಗಿದ್ದವೋ ಹಾಗೇ ಕನ್ಯೆಯರಾಗಿ ಕೂತಿರುತ್ತವೆ. ಇದು ಭರಮಸಾಗರದ ಜಿಪುಣತನವೂ ಅಲ್ಲ. ಅಮೆರಿಕದ ಅರ್ಬನ್ ಡಿಕೇ ಎಂಬ ಕಂಪನಿ 2010ರಲ್ಲಿ ‘ನೇಕೆಡ್’ ಅನ್ನುವ ಪ್ಯಾಲೆಟ್ ತಂದಿತು. ಹನ್ನೆರಡು ಬಣ್ಣ, ಹೆಚ್ಚುಕಮ್ಮಿ ಎಲ್ಲವೂ ಕಂದು ಮಣ್ಣಿನ ನೆಂಟರು. ಜಗತ್ತೆಲ್ಲ ಮುಗಿಬಿದ್ದು ಕೊಂಡಿತು, ಬೇರೆ ಕಂಪನಿಗಳು ಸಾಲಾಗಿ ನಕಲು ಹೊಡೆದವು. ಹಚ್ಚಿಕೊಳ್ಳುವವರಿಗೆ ಬೇಕಿರುವುದು ಯಾವುದು ಎಂದು ಮಾರುವವರಿಗೆ ಗೊತ್ತಿದೆ. ಆದರೂ ನಲವತ್ತರ ಡಬ್ಬಿ ಮಾಡುವುದನ್ನು ಬಿಟ್ಟಿಲ್ಲ, ಯಾಕೆಂದರೆ ನಮ್ಮ ಭಾಗಾಕಾರವೂ ಅವರಿಗೆ ಗೊತ್ತಿದೆ.

ನಾಲ್ಕೇ ಬಣ್ಣ ಸಾಕೆಂಬ ಗುಟ್ಟನ್ನು ನಮ್ಮ ಸೀಮೆಯ ಬಣ್ಣಗಾರರು ಇನ್ನೂ ಮುಂಚೆಯೇ ಅರಿತಿದ್ದರು. ಬಯಲಾಟದ ಮುಖಕ್ಕೆ ಬಣ್ಣ ಹಚ್ಚುವವರ ಪೆಟ್ಟಿಗೆಯಲ್ಲಿ ಇರುತ್ತಿದ್ದದ್ದು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ. ಕಲಸುವುದಕ್ಕೆ ಕೊಬ್ಬರಿ ಎಣ್ಣೆ. ಇಷ್ಟರಲ್ಲೇ ಕೃಷ್ಣನೂ ಆಗುತ್ತಿದ್ದ, ಕೌರವನೂ ಆಗುತ್ತಿದ್ದ, ಬೆಳಗಿನ ಜಾವ ದ್ರೌಪದಿಯೂ ಎದ್ದು ಬರುತ್ತಿದ್ದಳು. ಹಾಗೆಂದು ಆ ಪೆಟ್ಟಿಗೆ ಹುಡುಕಿಕೊಂಡು ಹೊರಡಬೇಡಿ. ಅರದಾಳ ಎಂದರೆ ಆರ್ಸೆನಿಕ್ಕು, ಇಂಗಳೀಕ ಎಂದರೆ ಪಾದರಸ. ಕುರುಕ್ಷೇತ್ರದಲ್ಲಿ ಭೀಮನ ಗದೆಗಿಂತ ದುರ್ಯೋಧನನಿಗೆ ನಿಜವಾದ ಅಪಾಯ ಇದ್ದದ್ದು ಅವನ ಕೆನ್ನೆಯ ಮೇಲೆ!

ನಾಟಕದವರಿಂದ ಕಲಿಯಬೇಕಾದ ಇನ್ನೊಂದು ಲೆಕ್ಕವಿದೆ, ದೂರದ ಲೆಕ್ಕ. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಾಗಲಿ, 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿರುವ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಶಿವಸಂಚಾರವಾಗಲಿ, ರಂಗದ ಮೇಲಿನ ಕಣ್ಣು ಕಟ್ಟಕಡೆಯ ಸಾಲಿನವನಿಗೂ ಕಾಣಬೇಕು. ಅಲ್ಲಿ ಗೆರೆ ದಪ್ಪ, ಬಣ್ಣ ಗಾಢ. ನೀವು ಹೋಗುವುದು ಎದುರುಮನೆಯ ಗೃಹಪ್ರವೇಶಕ್ಕೆ. ನಿಮ್ಮ ಕಣ್ಣನ್ನು ನೋಡುವವರು ಕುಂಕುಮ ಕೊಡುವಷ್ಟು ಹತ್ತಿರ ನಿಂತಿರುತ್ತಾರೆ. ಯೂಟ್ಯೂಬಿನ ಹುಡುಗಿ ತನ್ನ ಮುಖದ ಮುಂದೆ ರಿಂಗ್ ಲೈಟ್ ಇಟ್ಟುಕೊಂಡು ಹಚ್ಚಿಕೊಂಡದ್ದನ್ನು ಅಲ್ಲಿಗೆ ಹಾಗೇ ಹೊತ್ತುಕೊಂಡು ಹೋದರೆ, ಮನೆಯವರಿಗೆ ಹೊಸ ಮನೆ ತೋರಿಸುವ ಸಂಭ್ರಮವೇ ಹಾಳು. ಬಂದವರೆಲ್ಲ ನಿಮ್ಮನ್ನೇ ನೋಡುತ್ತಾರೆ.

ಇನ್ನು ಚರ್ಮದ ಬಣ್ಣ. ಬಯಲುಸೀಮೆಯ ಬಿಸಿಲು ಕುಡಿದ ನಮ್ಮ ರೆಪ್ಪೆಗೆ ಅಗ್ಗದ ತಿಳಿಗುಲಾಬಿ, ಕೆನೆಬಣ್ಣ ಹಚ್ಚಿದರೆ ಅದು ಗುಲಾಬಿಯೂ ಅಲ್ಲ, ಕೆನೆಯೂ ಅಲ್ಲ, ಅಪ್ಪಟ ಬೂದಿ. ಅದರಲ್ಲಿರುವ ಬಿಳಿಪುಡಿ ಮಾಡುವ ಕೆಲಸ ಅದು. ವಿಭೂತಿ ಹಚ್ಚುವ ಜಾಗ ಹಣೆ ಎಂದು ಸಿರಿಗೆರೆ ಮಠದ ಪಕ್ಕದಲ್ಲಿರುವ ನಮಗೆ ಹೇಳಿಕೊಡಬೇಕೆ? ನಮಗೆ ಒಪ್ಪುವುದು ಇಟ್ಟಿಗೆ ಕೆಂಪು, ತಾಮ್ರ, ಕಾಫಿಪುಡಿಯ ಕಂದು, ಹಳೆಯ ಬಂಗಾರ, ಧೈರ್ಯ ಇದ್ದವರಿಗೆ ಬದನೆಕಾಯಿ ನೇರಳೆ. ಅಂಗಡಿಯಲ್ಲಿ ತೋರಿಸುವುದಕ್ಕೆಂದು ಬಿಚ್ಚಿಟ್ಟ ಡಬ್ಬಿ ಇದ್ದರೆ ಒಂದು ಬೆರಳು ಒರೆಸಿ, ಮುಂಗೈ ಒಳಭಾಗಕ್ಕೆ ಒಂದೇ ಸಲ ಎಳೆದು, ಮೆಟ್ಟಿಲಿಳಿದು ಬಿಸಿಲಲ್ಲಿ ನೋಡಿ. ಒಂದೇ ಎಳೆತಕ್ಕೆ ಬಣ್ಣ ಕಂಡರೆ ಡಬ್ಬಿ ಒಳ್ಳೆಯದು. ಮೂರು ಸಲ ತಿಕ್ಕಿದ ಮೇಲೂ ಹುಡುಕಬೇಕಾದರೆ ವಾಪಸ್ ಕೊಟ್ಟು ಬಳೆ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಣ್ಣವೂ ಚೆಂದವೇ.

ಕೈ ಪಳಗಿಸುವ ವಿಷಯಕ್ಕೆ ಬಂದರೆ, ಹೊಸಬರಿಗೆ ದೇವರು ಕೊಟ್ಟ ಬ್ರಷ್ ಉಂಗುರ ಬೆರಳು. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಮಸಿ ಹಿಡಿದು, ತುಪ್ಪದಲ್ಲಿ ಕಲಸಿ ಕಾಡಿಗೆ ಹಚ್ಚಿಕೊಂಡದ್ದು ಯಾವ ಬ್ರಷ್ಷಿನಿಂದ? ಮಿಂಚುವ ಶಿಮ್ಮರ್ ಬಣ್ಣಗಳು ಇವತ್ತಿಗೂ ಬ್ರಷ್ಷಿಗಿಂತ ಬೆರಳಿನಲ್ಲೇ ಚೆನ್ನಾಗಿ ಕೂರುತ್ತವೆ, ಬೆರಳಿನ ಬಿಸಿಗೆ ಅಂಟುತ್ತವೆ. ಮೊದಲ ಕೆಲವು ತಿಂಗಳು ರೆಪ್ಪೆ ತುಂಬ ಒಂದೇ ತಾಮ್ರದ ಬಣ್ಣ ಒರೆಸಿ, ಕಾಡಿಗೆ ಎಳೆದು ಹೊರಟುಬಿಡಿ. ಯಾರಾದರೂ “ಏನೋ ಚೆಂದ ಕಾಣ್ತೀಯಲ್ಲೇ, ನಿದ್ದೆ ಚೆನ್ನಾಗಿ ಬಂತಾ?” ಎಂದರೆ ಪಾಸಾದಿರಿ.

ಎರಡನೇ ಹಂತದಲ್ಲಿ ಮಿಂಚಿಲ್ಲದ ಮ್ಯಾಟ್ ಕಂದನ್ನು ರೆಪ್ಪೆಯ ಮಡಿಕೆಗೆ ತುಂಬುಗೂದಲಿನ ಬ್ರಷ್‌ನಿಂದ, ಅಂಚು ಎಲ್ಲಿ ಮುಗಿಯಿತು ಎಂದು ತಿಳಿಯದ ಹಾಗೆ ತೀಡುವುದು. ಪಾರ್ಲರ್ ಅಕ್ಕಂದಿರು ಬ್ಲೆಂಡಿಂಗ್ ಅನ್ನುವುದು ಇದಕ್ಕೇ. ಡಬ್ಬಿಯೊಳಗೆ ಇಟ್ಟುಕೊಡುವ ಸ್ಪಂಜಿನ ಕಡ್ಡಿಯಿಂದ ಇದು ಈ ಜನ್ಮದಲ್ಲಿ ಆಗುವುದಿಲ್ಲ. ಆ ಕಡ್ಡಿಯಿಂದ ಕಿವಿ ಕೂಡ ಸ್ವಚ್ಛ ಮಾಡಲಾಗದು. ಮೂರನೆಯ ಹಂತದವರಿಗೆ ನಾನು ಹೇಳುವುದೇನಿಲ್ಲ, ಅವರು ಆಗಲೇ ಇನ್‌ಸ್ಟಾಗ್ರಾಮ್‌ನಲ್ಲಿ ನಮಗೆ ಹೇಳುತ್ತಿದ್ದಾರೆ. ನಲವತ್ತು ದಾಟಿದವರಿಗೆ ಒಂದು ಕಿವಿಮಾತು: ಮಿಂಚು ಸುಕ್ಕನ್ನು ಎತ್ತಿ ತೋರಿಸುತ್ತದೆ, ಮ್ಯಾಟ್ ಮುಚ್ಚಿಡುತ್ತದೆ. ವಯಸ್ಸು ಹೇಳಿಕೊಳ್ಳುವ ಇಷ್ಟ ಇದ್ದವರು ಧಾರಾಳವಾಗಿ ಮಿಂಚಬಹುದು.

ರೊಕ್ಕದ ಮಾತಿಗೆ ಬರೋಣ. ಮುನ್ನೂರು ನಾನೂರರ ಆಸುಪಾಸಿನಲ್ಲಿ ಸ್ವಿಸ್ ಬ್ಯೂಟಿ, ಮಾರ್ಸ್, ಇನ್‌ಸೈಟ್‌ನಂಥ ಸಣ್ಣ ಪ್ಯಾಲೆಟ್‌ಗಳಿವೆ. ಕಲಿಯುವ ಕೈಗೆ ಇವು ಧಾರಾಳ ಸಾಕು. ಹೆಸರು ‘ಸ್ವಿಸ್’ ಎಂದು ಆಲ್ಪ್ಸ್ ಪರ್ವತ ನೆನೆಯಬೇಡಿ, ಅದು ನಮ್ಮ ದೇಶದ್ದೇ. ಅದಕ್ಕಿಂತ ಮೇಲಕ್ಕೆ ಶುಗರ್, ಲ್ಯಾಕ್ಮೆ, ನೈಕಾ. ಲ್ಯಾಕ್ಮೆಯದೊಂದು ಕತೆ ಇದೆ: ಹೆಂಗಸರ ಅಲಂಕಾರಕ್ಕೆ ವಿದೇಶಿ ವಿನಿಮಯ ಹರಿದುಹೋಗುತ್ತದೆ ಎಂಬ ಚಿಂತೆಯಿಂದ, ನೆಹರೂ ಅವರ ಒತ್ತಾಸೆಯ ಮೇರೆಗೆ ಟಾಟಾದವರು 1952ರಲ್ಲಿ ಶುರುಮಾಡಿದ ಕಂಪನಿಯಂತೆ ಅದು. ಈಗ ಹಿಂದೂಸ್ತಾನ್ ಯೂನಿಲಿವರ್ ಕೈಯಲ್ಲಿದೆ. ಇನ್ನೂ ಮೇಲೆ ಮ್ಯಾಕ್, ದುಬೈನ ಹುದಾ ಬ್ಯೂಟಿ. ಇವುಗಳ ಒಂದೊಂದು ದೊಡ್ಡ ಪ್ಯಾಲೆಟ್ಟಿಗೆ ಸಾವಿರಗಳಲ್ಲೇ ಲೆಕ್ಕ. ಮದುಮಗಳು ಇದನ್ನು ಕೊಳ್ಳಬಾರದು, ಮದುಮಕ್ಕಳಿಗೆ ಹಚ್ಚುವ ಪಾರ್ಲರ್ ಅಕ್ಕ ಕೊಳ್ಳಬೇಕು. ಆಕೆಗೆ ಅದು ದುಡಿಯುವ ನೇಗಿಲು. ಅವಳೂ ಜಾಣೆಯಾದರೆ ಪೂರ್ತಿ ಡಬ್ಬಿ ಬಿಟ್ಟು, ಓಡುವ ಬಣ್ಣಗಳನ್ನಷ್ಟೇ ಬಿಡಿಬಿಡಿಯಾಗಿ ತರಿಸಿ ಖಾಲಿ ಪ್ಯಾಲೆಟ್ಟಿಗೆ ತುಂಬಿಕೊಳ್ಳುತ್ತಾಳೆ. ಸರ್ಕಾರಕ್ಕೂ ಈ ವಿಷಯದಲ್ಲಿ ಅಭಿಪ್ರಾಯ ಇದೆ. 2025ರ ಸೆಪ್ಟೆಂಬರಿನಲ್ಲಿ ಮುಖದ ಪೌಡರಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು, ಕಣ್ಣಿನ ಬಣ್ಣ 18ರಲ್ಲೇ ಉಳಿಯಿತು. ದಿಲ್ಲಿಯ ಪ್ರಕಾರ ಮುಖ ಅವಶ್ಯಕ, ಕಣ್ಣು ವಿಲಾಸ.

ತಮಾಷೆ ಸಾಕು, ಒಂದೆರಡು ಗಟ್ಟಿ ಮಾತು. ಡಬ್ಬಿಯ ಹಿಂದೆ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ಬಳಕೆಯ ಕೊನೆಯ ದಿನಾಂಕ ಇರಲೇಬೇಕು, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ. ಇದು ಕಾನೂನು. ಜಾತ್ರೆಯ ತಳ್ಳುಗಾಡಿಯಲ್ಲಿ ಚೀನೀ ಅಕ್ಷರದ ಡಬ್ಬಿ ತಿರುಗಿಸಿ ನೋಡಿದರೆ ಹಿಂದೆ ಬರೀ ಬಾರ್‌ಕೋಡು ಇರುತ್ತದೆ, ಅದು ಕಣ್ಣಿಗಲ್ಲ. ಶಾಲೆಯ ಕ್ರಾಫ್ಟಿಗೆ ತಂದ ಗ್ಲಿಟರ್ ಪುಡಿಯನ್ನು ಅಂಟು ಹಚ್ಚಿ ರೆಪ್ಪೆಗೆ ಉದುರಿಸಿಕೊಳ್ಳುವ ಹುಡುಗಿಯರಿದ್ದಾರೆ. ಅದರ ಚೂಪು ಚೂರು ಕಣ್ಣುಗುಡ್ಡೆಗೆ ಗೀರು ಹಾಕಬಲ್ಲದು. ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಗಾಳಿ ಬೀಸುವ ಜಿಲ್ಲೆ ನಮ್ಮದು, ಉದುರುವ ಪುಡಿ ಕಣ್ಣಿಗೆ ಹೋಗದೆ ಇರುತ್ತದೆಯೇ? ಮದುವೆ ಮನೆಯಲ್ಲಂತೂ ಒಂದೇ ಬ್ರಷ್ ಚಿಕ್ಕಮ್ಮನಿಂದ ಅತ್ತಿಗೆಗೆ, ಅತ್ತಿಗೆಯಿಂದ ನಾದಿನಿಗೆ ಹೋಗುತ್ತದೆ. ಒಬ್ಬರಿಗೆ ಕಣ್ಣು ಬಂದಿದ್ದರೆ ಬೀಗರ ಊಟದ ಹೊತ್ತಿಗೆ ಎರಡೂ ಕಡೆಯವರ ಕಣ್ಣು ಕೆಂಪು, ಅದೂ ಜಗಳವಿಲ್ಲದೆ.

ನನ್ನನ್ನು ಕೇಳಿದರೆ ಲೆಕ್ಕ ಇಷ್ಟು. ಐನೂರು ರೂಪಾಯಿ ಇದೆಯೇ? ಮೂರು ಕಂದು, ಒಂದು ತಾಮ್ರ, ಒಂದು ಬಂಗಾರ ಇರುವ ಕಂಪನಿಯ ಸಣ್ಣ ಡಬ್ಬಿಗೆ ಮುನ್ನೂರೈವತ್ತು ಕೊಡಿ, ಉಳಿದ ನೂರೈವತ್ತಕ್ಕೆ ಒಂದು ತುಂಬುಗೂದಲಿನ ಬ್ರಷ್ ಕೊಳ್ಳಿ. ದಾವಣಗೆರೆ ಬಸ್ಸು ಹತ್ತುವ ಅಗತ್ಯವಿಲ್ಲ, ಎರಡೂ ಭರಮಸಾಗರದಲ್ಲೇ ಸಿಗುತ್ತವೆ.