ತಲೆಯ ಮೇಲೊಂದು ಗಡಿತಂಟೆ

“ಅಜ್ಜಾ, ನಾಯಿ ಬೆನ್ನ ಹತ್ತೈತೇನು?”

ಕಬ್ಬಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಹತ್ತು-ಹನ್ನೆರಡರ ಪೋರನೊಬ್ಬ ಹೀಗೆ ಕೇಳಿದಾಗ ನಾನು ಬೋರಗಾಂವದಿಂದ ಸದಲಗಾ ಕಡೆಗೆ ಓಡುತ್ತಿದ್ದೆ. ಹಿಂದೆ ನಾಯಿ ಇರಲಿಲ್ಲ. ಇದ್ದಿದ್ದರೆ ನನ್ನ ಓಟಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ನಮ್ಮ ಕಡೆ ದೊಡ್ಡವರು ಓಡುವುದಕ್ಕೆ ಮೂರೇ ಕಾರಣ: ಬಸ್ಸು ಹೊರಟಿರಬೇಕು, ಎಮ್ಮೆ ಕಣ್ಣಿ ಹರಿದುಕೊಂಡಿರಬೇಕು, ಇಲ್ಲವೇ ನಾಯಿ ಬೆನ್ನು ಹತ್ತಿರಬೇಕು. ಹುಡುಗ ನನ್ನ ಮುಂದೆ ಬಸ್ಸಿಲ್ಲದ್ದನ್ನೂ ಎಮ್ಮೆಯಿಲ್ಲದ್ದನ್ನೂ ನೋಡಿ, ತರ್ಕಬದ್ಧವಾಗಿಯೇ ನಾಯಿಗೆ ಬಂದಿದ್ದ. ಅವನ ತರ್ಕದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಮೊದಲ ಶಬ್ದದ ಬಗ್ಗೆ. ಅಜ್ಜಾ! ನನಗಿನ್ನೂ ಐವತ್ತೆರಡು. ಮಗಳ ಮದುವೆಯೇ ಆಗಿಲ್ಲ, ಈತ ಮೊಮ್ಮಗನಾಗಿ ಟ್ರ್ಯಾಕ್ಟರ್ ಏರಿ ಬಂದಿದ್ದಾನೆ.

ಓಟ ಶುರುವಾದದ್ದು ಡಾಕ್ಟರರ ಒಂದು ಮಾತಿನಿಂದ. ರಕ್ತದ ರಿಪೋರ್ಟು ನೋಡಿ ಅವರು, “ಶುಗರ್ ಬಾರ್ಡರ್‌ದಾಗ ಐತ್ರಿ ಸರ” ಅಂದರು. ಬಾರ್ಡರ್ ಅಂದರೆ ನನಗೆ ಹೆದರಿಕೆ ಏಕೆ? ನಾನು ಹುಟ್ಟಿದ್ದೇ ಬಾರ್ಡರಿನಲ್ಲಿ. ಕಚೇರಿ ಕೆಲಸಕ್ಕೆ ನಿಪ್ಪಾಣಿ, ಬಟ್ಟೆಬರೆಗೆ ಇಚಲಕರಂಜಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಜಗಳದಲ್ಲಿ ಎರಡೂ. ಸಕ್ಕರೆಯ ಮಾತಿಗೆ ಬಂದರೆ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಯಾವ ದಿಕ್ಕಿಗೆ ಮುಖ ಮಾಡಿದರೂ ಕಬ್ಬೇ. ನೆಲದಲ್ಲಿ ಇಷ್ಟಿರುವುದು ನೆತ್ತರಿಗೆ ನಾಲ್ಕು ಹನಿ ಬಂದರೆ ಆಶ್ಚರ್ಯವೇನು? ಡಾಕ್ಟರರಿಗೆ ಈ ವಾದ ಹಿಡಿಸಲಿಲ್ಲ. “ದಿನಾ ನಡೀರಿ” ಅಂದರು. ನಡೆದೆ. ನಡೆಯುವುದು ಬೇಸರವಾಗಿ ಓಡಿದೆ. ಓಡುವವನ ಸಹವಾಸ ಓಡುವವರೊಂದಿಗೇ ಆಗುತ್ತದೆ. ಹಾಗೆ ಯಾರದೋ ಮಾತು ಕೇಳಿ ಜನವರಿಯ ಮುಂಬಯಿ ಮ್ಯಾರಥಾನಿಗೆ ಹೆಸರು ಕೊಟ್ಟುಬಿಟ್ಟೆ.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರು. ಆ ಕೊನೆಯ 195 ಮೀಟರಿನ ಮೂಲ 1908ರ ಲಂಡನ್ ಒಲಿಂಪಿಕ್ಸು. ಅರಮನೆಯ ಅಂಗಳದಿಂದ ಹೊರಟ ಓಟ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಕಟ್ಟೆಯ ಮುಂದೆ ಮುಗಿಯಬೇಕಿತ್ತಂತೆ. ದೊಡ್ಡವರ ಕುರ್ಚಿ ಎಲ್ಲಿದೆಯೋ ಅಲ್ಲಿಯವರೆಗೆ ಬಡವರು ಓಡಬೇಕೆಂಬ ನಿಯಮ ಒಲಿಂಪಿಕ್ಸಿನಲ್ಲೂ ಇದೆಯೆಂದು ತಿಳಿದು ನನಗೆ ಸಮಾಧಾನವಾಯಿತು.

ಇನ್ನೂ ದೊಡ್ಡ ಧೈರ್ಯ ಕೊಟ್ಟವರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿದವರು. ಆ ವರ್ಷದ ದಾರಿ ಮಾಮೂಲಿಗಿಂತ ಉದ್ದ, 42.75 ಕಿಲೋಮೀಟರು. ಅದನ್ನು ಅವರು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಪುಣೆಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡು ದೊರಾಬ್ಜಿ ಟಾಟಾ ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಹಟ ಹಿಡಿದರಂತೆ. ಫಡೆಪ್ಪ, ದರೆಪ್ಪ: ಹೆಸರು ಕೇಳಿದರೆ ನಮ್ಮ ಓಣಿಯ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತವರಂತೆ ಇಲ್ಲವೇ? ಇಂಥ ಹೆಸರಿನವರು ಬೆಲ್ಜಿಯಮ್ಮಿನವರೆಗೆ ಹೋಗಿ ಓಡಿದರೆ ನಾನು ಸದಲಗಾ ದಾಟಲಾರೆನೇ? ಬರಿಗಾಲಿನ ಭಾಗವನ್ನು ಮಾತ್ರ ಬಿಟ್ಟೆ. ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಸೀಮೆಯಲ್ಲಿ ಕೂತು ಐದು ಸಾವಿರದ ಬೂಟು ತರಿಸಿದೆ. ಮನೆಯಾಕೆ ಬೆಲೆ ಕೇಳಿ, “ಓಡೂದು ಬೂಟೋ ನೀವೋ?” ಅಂದಳು.

ಇಷ್ಟೆಲ್ಲ ಸಿದ್ಧತೆ ಮಾಡಿದವನನ್ನು ಟ್ರ್ಯಾಕ್ಟರಿನ ಪೋರ ಒಂದೇ ಶಬ್ದದಲ್ಲಿ ಕೆಡವಿದ್ದ. ಮನೆಗೆ ಬಂದವನೇ ಕನ್ನಡಿಯ ಮುಂದೆ ನಿಂತೆ. ಕಿವಿಗಳ ಪಕ್ಕದಿಂದ ಬಿಳುಪು ಏರುತ್ತಿತ್ತು, ನೆತ್ತಿಯ ಮೇಲೆ ಕಪ್ಪು ಹಿಡಿತ ಬಿಡದೆ ಕೂತಿತ್ತು. ಎರಡರ ನಡುವಿನ ರೇಖೆ ದಿನಕ್ಕೊಂದು ಕಡೆ ಸರಿಯುತ್ತಿತ್ತು. ಕರ್ನಾಟಕ-ಮಹಾರಾಷ್ಟ್ರಗಳ ನಡುವಿನ ಇಂಥದೇ ಒಂದು ರೇಖೆಗಾಗಿ 1966ರಲ್ಲಿ ಮಹಾಜನ ಆಯೋಗ ಕೂತು, 1967ರಲ್ಲಿ ವರದಿ ಕೊಟ್ಟರೂ ಆ ತಂಟೆ ಇವತ್ತಿಗೂ ಬಗೆಹರಿದಿಲ್ಲ. ನನ್ನ ತಲೆಯ ತಂಟೆಯನ್ನು ಆಯೋಗವಿಲ್ಲದೆ ಬಗೆಹರಿಸಲು ನಿರ್ಧರಿಸಿ ಅಂಗಡಿಗೆ ಹೋಗಿ ಕರಿ ಹೇರ್ ಡೈ ಪುಡಿಯ ಒಂದು ಪುಡಿಕೆ ತಂದೆ.

ಮಾಸ್ತರಿಕೆಯ ಚಟ, ಏನನ್ನಾದರೂ ಓದದೆ ಬಿಡಲಾರೆ. ಕೃತಕ ಕೇಶವರ್ಣವನ್ನು ಮಾರಾಟಕ್ಕೆ ಹದಗೊಳಿಸಿದವನು ಯೂಜೀನ್ ಷ್ಯುಲೆರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಿ, 1907ರ ಸುಮಾರಿಗೆ. ಅವನು ಕಟ್ಟಿದ ಕಂಪನಿಯೇ ಮುಂದೆ ಲೋರಿಯಲ್ ಆಯಿತು. ಕರಿ ಡೈಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಾ ಫಿನೈಲಿನ್ ಡಯಾಮೀನ್ ಎಂಬ ವಸ್ತು. ಅದು ಸ್ವತಃ ಕಪ್ಪಲ್ಲ. ಕೂದಲಿನೊಳಗೆ ಹೊಕ್ಕು, ಆಮ್ಲಜನಕದೊಡನೆ ಸೇರಿ, ನಿಧಾನವಾಗಿ ಕಪ್ಪಾಗುತ್ತದೆ. ಆಮೇಲೆ ಕೂದಲಿನಿಂದ ಹೊರಬರಲು ಒಲ್ಲೆ ಅನ್ನುತ್ತದೆ. ಕೆಲವರ ಚರ್ಮಕ್ಕೆ ಇದು ಆಗಿಬರುವುದಿಲ್ಲ. ಅದಕ್ಕೇ ಕಿವಿಯ ಹಿಂದೆಯೋ ಮೊಳಕೈಯ ಒಳಬದಿಗೋ ಚೂರು ಹಚ್ಚಿ 48 ಗಂಟೆ ಕಾಯಿರಿ ಎಂದು ಪುಡಿಕೆಯ ಮೇಲೆ ಬರೆದಿರುತ್ತಾರೆ. ಓದಿದೆ. ಓದಿದ್ದನ್ನು ಪಾಲಿಸುವುದು ವಿದ್ಯಾರ್ಥಿಗಳ ಕೆಲಸವೆಂದು ಮುಂದಕ್ಕೆ ಹೋದೆ.

ಡಿಸೆಂಬರಿನ ಆ ರವಿವಾರ ನನ್ನ ತರಬೇತಿಯ ಅತಿ ಉದ್ದದ ಓಟ ಇತ್ತು: 32 ಕಿಲೋಮೀಟರು. ಹದಿನಾರು ಹೋಗುವುದು, ಹದಿನಾರು ಬರುವುದು. ನಾಲ್ಕೂವರೆಗೆ ಎದ್ದು ಹಿತ್ತಲಲ್ಲಿ ಡೈ ಕಲಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹಚ್ಚಿಕೊಂಡೆ. ಅರ್ಧ ತಾಸು ಬಿಟ್ಟು ತೊಳೆಯಬೇಕು. ಅಷ್ಟರಲ್ಲಿ ಬೂಟು ಕಟ್ಟಿ, ಬಾಳೆಹಣ್ಣು ತಿಂದು ಮುಗಿಸಬಹುದು. ಲೆಕ್ಕ ಚೊಕ್ಕವಾಗಿತ್ತು. ನಳ ತಿರುವಿದರೆ ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ರಾತ್ರಿ ಮೋಟರ್ ಹಚ್ಚಿ ಟಾಕಿ ತುಂಬಿಸುವ ಪಾಳಿ ನನ್ನದೇ ಆಗಿತ್ತು. ಮನೆಯಾಕೆಯನ್ನು ಎಬ್ಬಿಸಿದರೆ ಮೊದಲು ಟಾಕಿಯ ವಿಚಾರಣೆ, ಆಮೇಲೆ ತಲೆಯ ವಿಚಾರಣೆ. ಅಡುಗೆಮನೆಯ ಕೊಡದಲ್ಲಿ ಉಳಿದಿದ್ದ ಎರಡು ತಂಬಿಗೆ ನೀರಿನಿಂದಲೇ ತಲೆ ತೊಳೆದೆ. ತೊಳೆದೆ ಅನ್ನುವುದಕ್ಕಿಂತ ತಲೆಗೆ ನೀರು ತೋರಿಸಿದೆ ಅನ್ನಬೇಕು. ಮೇಲೊಂದು ಟೊಪ್ಪಿಗೆ ಹಾಕಿ, ಬಿಳಿ ಬನಿಯನ್ನು ತೊಟ್ಟು ಹೊರಬಿದ್ದೆ.

ದೂಧಗಂಗಾ ಸೇತುವೆಯ ಮೇಲೆ ಮಂಜಿತ್ತು. ಥಂಡಿಯಲ್ಲಿ ಬೆವರೇ ಬರಲಿಲ್ಲ. ನದಿಯ ಹೆಸರಿನಲ್ಲೇ ಹಾಲಿದೆ. ಅದರ ಮೇಲೆ ದಾಟಿ ಹೋಗುತ್ತಿದ್ದ ತಲೆಯ ಕಪ್ಪಿನ ಬಗ್ಗೆ ಅದು ಏನೂ ಅನ್ನಲಿಲ್ಲ. ಸದಲಗಾ ಹೊಕ್ಕಾಗ ಹೊತ್ತು ಮೂಡಿತು. ಜೈನ ಮುನಿ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಊರು ಅದು. ದಿಗಂಬರ ಮುನಿಗಳು ಕೇಶಲೋಚದಲ್ಲಿ ತಲೆಗೂದಲನ್ನು ಕೈಯಿಂದಲೇ ಕಿತ್ತು ತೆಗೆಯುತ್ತಾರೆ, ಕತ್ತರಿ ಇಲ್ಲ, ಕ್ಷೌರಿಕನಿಲ್ಲ. ಇಡೀ ತಲೆಯ ಮೋಹವನ್ನೇ ಕಿತ್ತೆಸೆದವರ ಊರಲ್ಲಿ ನಾನು ನಾಲ್ಕು ಬೆಳ್ಳಿಗೂದಲು ಮುಚ್ಚಿಕೊಂಡು ಓಡುತ್ತಿದ್ದೇನೆ ಅನ್ನುವ ವಿಚಾರ ಬಂದದ್ದೇ ತಡ, ಹಣೆಯಿಂದ ಮೊದಲ ಹನಿ ಇಳಿಯಿತು. ಒರೆಸಿಕೊಂಡೆ. ಕೈ ಕಪ್ಪಾಯಿತು.

ಆಮೇಲೆ ಹನಿಗಳಿಗೆ ದಾರಿ ತಿಳಿಯಿತು. ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ತುದಿಗೆ, ಕಿವಿಯ ಹಿಂದಿನಿಂದ ಕುತ್ತಿಗೆಗೆ, ಅಲ್ಲಿಂದ ಬಿಳಿ ಬನಿಯನ್ನಿನ ಮೇಲೆ ವೇದಗಂಗಾ, ದೂಧಗಂಗಾ, ಕೃಷ್ಣೆ ಎಲ್ಲ ಕವಲೊಡೆದು ಹರಿದವು. ಭೂಗೋಳದ ತರಗತಿಗೆ ಒಯ್ದು ಗೋಡೆಗೆ ತೂಗುಹಾಕಬಹುದಾದ ನಕಾಶೆ. ಮುಖವನ್ನು ನಾನು ಕಾಣುವಂತಿರಲಿಲ್ಲ, ಎದುರು ಬಂದವರ ಮುಖ ನೋಡಿ ಊಹಿಸಿಕೊಂಡೆ. ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನೊಬ್ಬ ಮೋಟರ್ ಸೈಕಲ್ ನಿಲ್ಲಿಸಿ, “ಏನ್ರಿ ಕಾಕಾ, ಮೈಮ್ಯಾಲೆ ಆಯಿಲ್ ಚೆಲ್ತೇನ್ರಿ?” ಅಂದ. ಇನ್ನೊಬ್ಬ, “ಗುರ್ಹಾಳದಾಗ ಬೆಂಕಿ ಬಿದ್ದೈತೇನು?” ಅಂತ ಗಾಬರಿಯಿಂದ ನನ್ನ ಹಿಂದಿನ ದಿಕ್ಕಿಗೆ ನೋಡಿದ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಕೆಳಗಿನಿಂದ ಎದ್ದುಬಂದವನಂತೆ ಕಂಡಿರಬೇಕು.

ಹದಿನಾರನೆಯ ಕಿಲೋಮೀಟರಿಗೆ, ಚಿಕ್ಕೋಡಿ ರಸ್ತೆಯ ಕಬ್ಬಿನ ನಡುವೆ ಹೊರಳಿ ನಿಂತಾಗ, ಓಟ ಸಾಕು, ಯಾರದಾದರೂ ಗಾಡಿ ಏರಿ ಮನೆ ಸೇರೋಣ ಅನ್ನಿಸಿತು. ನಮ್ಮ ಕಡೆಯ ಜನ ನಡೆಯುವವರನ್ನು ಕಂಡರೆ ತಾವಾಗಿಯೇ ನಿಲ್ಲಿಸಿ “ಹತ್ರಿ ಸರ” ಅನ್ನುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ಅವತ್ತು ಒಂದು ಕಾರು ನಿಂತಿತು. ಗಾಜು ಇಳಿಯಿತು. ಒಳಗಿದ್ದವರು ನನ್ನ ಮುಖ ನೋಡಿದರು, ತಮ್ಮ ಸೀಟಿನ ಬಿಳಿ ಕವರು ನೋಡಿದರು, ಮತ್ತೆ ನನ್ನನ್ನು ನೋಡಿದರು. “ಓಡ್ರಿ ಓಡ್ರಿ, ಆರೋಗ್ಯಕ್ಕ ಛಲೋ” ಎಂದು ಗಾಜು ಏರಿಸಿದರು. ಮೋಟರ್ ಸೈಕಲ್ಲಿನವರೂ ಹಿಂದೆ ಕೂರಿಸಿಕೊಂಡರೆ ತಮ್ಮ ಅಂಗಿಯ ಗತಿಯೇನೆಂದು ಲೆಕ್ಕ ಹಾಕಿ ಹಾರ್ನು ಮಾತ್ರ ಹೊಡೆದರು. ಹೀಗೆ, ಇಚ್ಛಾಶಕ್ತಿ ಮುಗಿದಲ್ಲಿಂದ ಮುಂದಿನ ಹದಿನಾರು ಕಿಲೋಮೀಟರನ್ನು ನಾನು ಹೇರ್ ಡೈ ಬಲದಿಂದ ಓಡಿದೆ.

ಉದ್ದದ ಓಟದಲ್ಲಿ ‘ಗೋಡೆ’ ಅಂತ ಒಂದು ಬರುತ್ತದೆ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಸುಮಾರು ಮೂವತ್ತು ಕಿಲೋಮೀಟರಿನ ಆಸುಪಾಸಿಗೆ ತಳ ಕಾಣುತ್ತದೆ. ಆಗ ಕಾಲುಗಳು ನಮ್ಮ ಮಾತು ಕೇಳುವುದಿಲ್ಲ. ನನಗೆ ಅದು ಇಪ್ಪತ್ತೇಳಕ್ಕೇ ಬಂತು. ರಸ್ತೆ ಪಕ್ಕದ ಹೊಲದಲ್ಲಿ ಬೀಡ ಕಡೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗು ಇತ್ತು. ನಾನು ಬದುವಿನ ಮೇಲೆ ಕುಸಿದೆ. ಕೊಯ್ತಾ ಹಿಡಿದ ಹೆಂಗಸೊಬ್ಬಳು ಬಂದು ಮೇಲಿಂದ ಕೆಳಗೆ ನೋಡಿದಳು. ಇಡೀ ದಿನ ಕಬ್ಬಿನ ರವುದಿ, ದೂಳಿನಲ್ಲಿ ದುಡಿಯುವ ಅವಳಿಗೆ ಕರಿ ಮುಖ ವಿಶೇಷವೇನೂ ಅನ್ನಿಸಿರಲಿಕ್ಕಿಲ್ಲ. ತಮ್ಮವನೇ ಯಾರೋ ದಣಿದಿದ್ದಾನೆ ಅಂದುಕೊಂಡಿರಬೇಕು. ಒಂದು ಗಳ ಎತ್ತಿ, ಸಿಪ್ಪೆ ಸವರಿ, ಗೇಣುದ್ದ ತುಂಡು ಮಾಡಿ, “ಘ್ಯಾ ಬಾಬಾ, ಊಸ ಖಾ” ಅಂದಳು.

ಸಕ್ಕರೆ ಇಳಿಸಲೆಂದು ಓಡಲು ಹತ್ತಿದವನು ಬದುವಿನ ಮೇಲೆ ಕೂತು ಕಬ್ಬು ಜಗಿದೆ. ಮೂರು ತುಂಡು. ಡಾಕ್ಟರರಿಗೆ ಹೇಳಿಲ್ಲ. ಅಷ್ಟು ಸವಿಯಾದ ಕಬ್ಬನ್ನು ಐವತ್ತೆರಡು ವರ್ಷ ಕಬ್ಬಿನ ನಡುವೆಯೇ ಬದುಕಿ ನಾನು ತಿಂದಿರಲಿಲ್ಲ. ಐದು ನಿಮಿಷಕ್ಕೆ ಕಾಲು ಮತ್ತೆ ನನ್ನವಾದವು. ಉಳಿದ ಐದು ಕಿಲೋಮೀಟರನ್ನು ರಸ ಅಂಟಿದ ಕೈ, ಬಣ್ಣ ಅಂಟಿದ ಮುಖ ಹೊತ್ತು ಮುಗಿಸಿದೆ.

ಮನೆಯಲ್ಲಿ ಏಕಸದಸ್ಯ ಆಯೋಗ ಕಾದು ಕುಳಿತಿತ್ತು. ಮನೆಯಾಕೆ ಬಾಗಿಲಲ್ಲೇ ತಡೆದು ಅರೆಗಳಿಗೆ ನೋಡಿದಳು. “ಯಾರ್ ಬೇಕಾಗಿತ್ರಿ?” ಅಂದಳು. ಹೆಸರು ಹೇಳಿದೆ. “ಅವ್ರು ಬೆಳ್ಳಗಿದ್ರು. ಓಡಾಕ ಹೋಗ್ಯಾರ.” ಒಳಗಿನಿಂದ ಮಗಳು ಬಂದು ನೋಡಿ ನಕ್ಕು ಅಲ್ಲೇ ಕೂತಳು. ಕೊಬ್ಬರಿ ಎಣ್ಣೆ, ಸಾಬೂನು, ಕಡಲೆ ಹಿಟ್ಟು, ಎಲ್ಲವೂ ನನ್ನ ಹಣೆಯ ಮೇಲೆ ಪ್ರಯೋಗವಾದವು. ಎರಡು ದಿನ ತುರಿಕೆಯೂ ಇತ್ತು. 48 ಗಂಟೆಯ ಪಾಠ ಆಗ ಅರ್ಥವಾಯಿತು. ಹಣೆಯ ಕಪ್ಪು ಒಂದು ವಾರ ಹೋಗಲಿಲ್ಲ, ಕೂದಲಿನದು ಅರ್ಧಕ್ಕರ್ಧ ನಿಲ್ಲಲೇ ಇಲ್ಲ. ಬೆಳ್ಳಗಾದ ಕೂದಲು ಹಟಮಾರಿ, ಬಣ್ಣವನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲೇ ಕಪ್ಪಾಗಿದ್ದ ನೆತ್ತಿ ಇನ್ನಷ್ಟು ಕಪ್ಪಾಗಿತ್ತು, ಕಿವಿಯ ಪಕ್ಕದ್ದು ಕಂದು ಪಟ್ಟೆ ಬಿದ್ದ ಬೂದಿಯಾಗಿತ್ತು. ಗಡಿ ಅಳಿಸಲೆಂದು ಹೊರಟವನು ಅದಕ್ಕೆ ಬೇಲಿ ಹಾಕಿಸಿಕೊಂಡು ಬಂದಿದ್ದೆ.

ಹಜಾಮತಿಗೆ ಹೋದಾಗ ಕ್ಷೌರಿಕ ಕತ್ತರಿ ಎತ್ತಿ ಹಿಡಿದು, “ಕರೀದು ಉಳಸ್ಲಿ ಏನ್ ಬಿಳೇದು ಉಳಸ್ಲಿರಿ ಸರ?” ಎಂದು ಕೇಳಿದ. ನಾನು ಯೋಚಿಸಿದೆ. ಇಂಥ ಪ್ರಶ್ನೆಯನ್ನು ನಮ್ಮ ಕಡೆಯವರಿಗೆ ಬೇರೆ ಬೇರೆ ರೂಪದಲ್ಲಿ ಜೀವಮಾನವೆಲ್ಲ ಕೇಳುತ್ತಲೇ ಬಂದಿದ್ದಾರೆ. ನಾವು ಎರಡೂ ಭಾಷೆಯಲ್ಲಿ ನಕ್ಕು ಸಂತೆಗೆ ಹೋಗುತ್ತೇವೆ. “ಎರಡೂ ಇರ್ಲಿ ಬಿಡಪಾ, ಸಣ್ಣದು ಮಾಡು ಸಾಕು” ಅಂದೆ.

ಮುಂದಿನ ರವಿವಾರ ಅದೇ ರಸ್ತೆ, ಅದೇ ಟ್ರ್ಯಾಕ್ಟರು, ಮಡ್‌ಗಾರ್ಡಿನ ಮೇಲೆ ಅದೇ ಪೋರ. ದೂರದಿಂದಲೇ ನನ್ನ ತಲೆಯನ್ನು ಹಿಂದೆ ಮುಂದೆ ನೋಡಿದ. ಬಾಯಿ ತೆರೆದು “ಕಾಕಾ” ಅಂದ. ಟ್ರ್ಯಾಕ್ಟರು ಪಕ್ಕಕ್ಕೆ ಬಂತು. ಕಿವಿಯ ಪಕ್ಕದ್ದು ಕಂಡಿತು. “ಅಜ್ಜಾ” ಅಂದ. ಟ್ರ್ಯಾಕ್ಟರು ಮುಂದೆ ಹೋಯಿತು, ಅವನು ಹಿಂದಕ್ಕೆ ತಿರುಗಿ ಇನ್ನೊಮ್ಮೆ ನೆತ್ತಿ ನೋಡಿ, ಎರಡು ಟ್ರೇಲರ್ ಕಬ್ಬಿನ ಆಚೆಯಿಂದ ಗಂಟಲು ಹರಿಯುವಂತೆ ಕೂಗಿದ:

“ಏ ಕಾಕಾಜ್ಜಾ! ಇವತ್ತ ನಾಯಿ ಎಲ್ಲಿ?”