ಹೊಟ್ಟೆ ಉಬ್ಬಿದ ಕೆಪಾಸಿಟರ್

ದೇವಸಮುದ್ರದ ಹೆಸರಲ್ಲಿ ಸಮುದ್ರವಿದೆ, ಊರಲ್ಲಿ ಬಿಸಿಲಿದೆ. ಅಂಥದೊಂದು ಏಪ್ರಿಲ್ ಮಧ್ಯಾಹ್ನ ನಮ್ಮ ಕಂಪ್ಯೂಟರು 'ಟಿಕ್' ಎಂದು ಪ್ರಾಣ ಬಿಟ್ಟಿತು. ಪವರ್ ಸಪ್ಲೈ ಬಿಚ್ಚಿದರೆ ಎರಡು ಕೆಪಾಸಿಟರ್‌ಗಳು ಹೋಳಿಗೆ ಊಟ ಮುಗಿಸಿದ ಬೀಗರಂತೆ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. (ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಅವಿತಿರಬಹುದು. ಇದೊಂದು ಮಾತು ಮಾತ್ರ ತಮಾಷೆಯಲ್ಲ.)

ಹೊಸದನ್ನು ಹುಡುಕುವುದೆಂದರೆ ವರಾನ್ವೇಷಣೆಯೇ. ಹಳೆಯದರ ಮೇಲೆ 2200 ಮೈಕ್ರೋಫ್ಯಾರಡ್ ಎಂದಿದ್ದರೆ ಅಷ್ಟೇ ಇರಲಿ. ವೋಲ್ಟೇಜು 16ರ ಬದಲು 25 ಆದರೆ ಅನುಕೂಲಸ್ಥ ಸಂಬಂಧ, 10 ಆದರೆ ಬೇಡವೇ ಬೇಡ. ಆದರೆ ಅನುಕೂಲಸ್ಥರು ದಪ್ಪಗಿರುತ್ತಾರೆ, ಇಕ್ಕಟ್ಟಾದ ಬೋರ್ಡಿನಲ್ಲಿ ಹಿಡಿಸುವುದಿಲ್ಲ! ಇಎಸ್‌ಆರ್ (ಕೆಪಾಸಿಟರಿನ ಒಳಗಿನ ರೋಧ) ಎಂಬ ಒಳಜಗಳವೂ ಕಡಿಮೆ ಇರಬೇಕು. ಹೆಚ್ಚಿದ್ದರೆ ತಾನೇ ಕಾದು, ಮತ್ತೆ ಉಬ್ಬುತ್ತದೆ.

ಅಂಗಡಿಯವನು 85 ಡಿಗ್ರಿ ಕಾವು ತಾಳುವುದನ್ನು ಕೈಗಿಟ್ಟು, "105ರದಕ್ಕಿಂತ ಇಪ್ಪತ್ತು ಡಿಗ್ರಿ ಕಮ್ಮಿ ಅಷ್ಟೇ ಸಾರ್" ಎಂದ. ಅಷ್ಟೇ? ಕಾವು ಪ್ರತಿ 10 ಡಿಗ್ರಿ ಏರಿದಾಗ ಆಯಸ್ಸು ಸುಮಾರು ಅರ್ಧವಾಗುತ್ತದೆ. ನಮ್ಮ ಬಿಸಿಲಿಗೆ ಸುಣ್ಣದ ಗೋಡೆಯೇ ನಿಟ್ಟುಸಿರು ಬಿಡುತ್ತದೆ. 105 ಡಿಗ್ರಿಯದೇ ಬೇಕೆಂದು ಹಠ ಹಿಡಿದೆ. "ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆ ಆರಿಸೋವಾಗ ನಾನು ಹತ್ತು ನಿಮಿಷ ತಗೊಂಡಿದ್ದಕ್ಕೆ ಎಷ್ಟು ಗೊಣಗಿದ್ರಿ?" ಎಂದಳು ಮನೆಯಾಕೆ. ಉತ್ತರವಿರಲಿಲ್ಲ.

ಪಟ್ಟೆಯಿರುವ ಕಡೆ ಋಣ ಎಂದು ಮೂರು ಸಲ ಜಪಿಸಿ ಬೆಸುಗೆ ಹಾಕಿದೆ. ಉಲ್ಟಾ ಆದರೆ ಸಿಡಿಯುತ್ತದಲ್ಲ. ಪ್ಲಗ್ ಸಿಕ್ಕಿಸಿ ತಿರುಗಿ ನೋಡಿದರೆ ಮನೆಮಂದಿಯೆಲ್ಲ ಬೀದಿಯಾಚೆಯ ಬೇವಿನ ಮರದಡಿ ನಿಂತಿದ್ದರು. ನನ್ನ ಬೆಸುಗೆಯ ಮೇಲೆ ಅಷ್ಟು ನಂಬಿಕೆ.