ಪತ್ತೇದಾರಿ ಪೆಟ್ಟಿಗೆಯವರ ದಿವ್ಯ ಸನ್ನಿಧಿಗೆ

ಮಹಾರಾಜಶ್ರೀ ಮಕ್ಕಳ ಪತ್ತೇದಾರಿ ಪೆಟ್ಟಿಗೆಯವರ ದಿವ್ಯ ಸನ್ನಿಧಿಗೆ, ಮೈಸೂರಿನ ನಿವೃತ್ತ ಗುಮಾಸ್ತನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ವಿಷಯ: ತಾವು ನಮ್ಮ ಮನೆಗೆ ಚಿತ್ತೈಸಿದ ಲಾಗಾಯ್ತು ನಡೆದಿರುವ ವಿಜ್ಞಾನ ಪ್ರಸಾರದ ಬಗ್ಗೆ ಕೃತಜ್ಞತಾ ನಿವೇದನೆ.

ಮಾನ್ಯರೇ,

ಮೊಮ್ಮಗಳಿಗೆ ಆರು ತುಂಬಿದ ದಿನ ಅವಳ ಸೋದರಮಾವ ತಮ್ಮನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕರೆತಂದರು. ಒಳಗೆ ಭೂತಗನ್ನಡಿ, ಮೆತ್ತನೆಯ ಬ್ರಷ್ಷು, ಕರಿಪುಡಿಯ ಡಬ್ಬಿ, ಶಾಯಿ ಪ್ಯಾಡು, ‘ಪ್ರವೇಶವಿಲ್ಲ’ ಎಂದು ಬರೆದ ಹಳದಿ ಪಟ್ಟಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಪೊಟ್ಟಣ, ಸುಳ್ಳು ಪತ್ತೆ ಯಂತ್ರ, ಒಂದು ಪುಸ್ತಿಕೆ. ಅಲ್ಲಿಯವರೆಗೆ ನಾವು ಸಾಮಾನ್ಯ ಸಂಸಾರಿಗಳು. ಈಗ ಶಂಕಿತರು. ಹಳದಿ ಪಟ್ಟಿಯನ್ನು ತಾವು ಧಾರಾಳವಾಗಿ ಕೊಟ್ಟಿರುವುದರಿಂದ, ಬಚ್ಚಲಮನೆಗೆ ಹೋಗಬೇಕಾದರೂ ನಾನು ತನಿಖಾಧಿಕಾರಿಯ ಅಪ್ಪಣೆಗೆ ಕಾಯುತ್ತೇನೆ. ಈ ವಯಸ್ಸಿನಲ್ಲಿ ಸಂಯಮ ಕಲಿಸಿದ್ದಕ್ಕೆ ತಮಗೆ ಋಣಿ.

ಪ್ರಕರಣದ ಸಂಗತಿ ಇಷ್ಟು: ಕೃಷ್ಣಾಷ್ಟಮಿಗೆಂದು ಕರಿದಿಟ್ಟ ಕೋಡುಬಳೆ ನೈವೇದ್ಯಕ್ಕೆ ಮುಂಚೆಯೇ ಕಡಿಮೆಯಾಯಿತು. ತಾವಿಲ್ಲದ ಕಾಲವಾಗಿದ್ದರೆ ನನ್ನಾಕೆ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. 7 ವರ್ಷವೋ ಅದಕ್ಕಿಂತ ಹೆಚ್ಚೋ ಶಿಕ್ಷೆಯಾಗಬಹುದಾದ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕೆಂದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಕೋಡುಬಳೆಗೆ ಅಷ್ಟು ಶಿಕ್ಷೆಯಿಲ್ಲ. ಆದರೂ ತಾವು ಬಂದಿರಿ. ದೊಡ್ಡ ಮನಸ್ಸು.

ತಮ್ಮ ಕರಿಪುಡಿಯ ಮಹಿಮೆಯನ್ನು ಎಷ್ಟು ಹೊಗಳಿದರೂ ಸಾಲದು. ಬೆರಳಿನ ಏಣುಗಳ ಬೆವರು, ಜಿಡ್ಡು ಮುಟ್ಟಿದಲ್ಲಿ ಉಳಿಯುತ್ತದೆ, ಪುಡಿ ಅದಕ್ಕೆ ಕಚ್ಚಿಕೊಳ್ಳುತ್ತದೆ, ಅಂಟುಟೇಪಿನಲ್ಲಿ ಎತ್ತಿ ಬಿಳಿ ಕಾಗದಕ್ಕೆ ಅಂಟಿಸಿದರೆ ಅಚ್ಚು ಸಿಕ್ಕಿತು. ಎಣ್ಣೆ ಬೆರಳು ತಾಗಿದ ಸ್ಟೀಲ್ ಡಬ್ಬದ ಮೇಲೆ ಸೊಗಸಾಗಿಯೇ ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ತಾವು ಕೊಟ್ಟ ಪುಡಿ ಒಂದು ಡಬ್ಬಕ್ಕೂ ಅರ್ಧ ಗೋಡೆಗೂ ಮುಗಿಯಿತು. ಕಪ್ಪು ಮೇಲ್ಮೈಗೆ ಬಿಳಿ ಪುಡಿ ಬೇಕೆಂದು ಪುಸ್ತಿಕೆ ಹೇಳಿತು, ಪುಡಿಯನ್ನು ಮಾತ್ರ ಕೊಡಲಿಲ್ಲ. ತನಿಖಾಧಿಕಾರಿ ನನ್ನ ವಿಭೂತಿಯನ್ನು ಜಪ್ತಿ ಮಾಡಿದಳು. ಅಂದು ಸಂಜೆ ನನ್ನ ಹಣೆ ಬರಿದು, ಟೀವಿಯ ಹಣೆ ತುಂಬ ತ್ರಿಪುಂಡ್ರ. ಬೆರಳಲ್ಲಿ ಚಕ್ರವೆಷ್ಟು, ಶಂಖವೆಷ್ಟು ಎಂದು ಎಣಿಸಿ ನನ್ನಜ್ಜಿ ಭವಿಷ್ಯ ಹೇಳುತ್ತಿದ್ದಳು. ತಮ್ಮ ದಯೆಯಿಂದ ಮೊಮ್ಮಗಳು ಅವೇ ಸುಳಿ, ಕುಣಿಕೆ, ಕಮಾನುಗಳನ್ನು ನೋಡಿ ನನ್ನ ಭೂತಕಾಲ ಹೇಳುತ್ತಿದ್ದಾಳೆ.

ಹೆಜ್ಜೆಗುರುತಿನ ಅಧ್ಯಾಯಕ್ಕೆ ವಿಶೇಷ ವಂದನೆಗಳು. ಚಿತ್ರದಲ್ಲಿ ಕೆಸರು, ಕೆಸರಿನಲ್ಲಿ ಬೂಟಿನ ಅಚ್ಚು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ಊರಿನಲ್ಲಿ ಕಳ್ಳನೂ ಅಷ್ಟು ಮರ್ಯಾದೆ ಇಟ್ಟುಕೊಂಡಿರಬಹುದೆಂದು ತಮಗೆ ಹೊಳೆಯಲಿಲ್ಲ. ಆದರೂ ಗುರುತು ಸಿಕ್ಕಿತು. ಬಾಗಿಲಿನಿಂದ ದೇವರಮನೆಯವರೆಗೆ ಅಕ್ಕಿಹಿಟ್ಟಿನ ಪುಟ್ಟ ಪಾದಗಳು. ನನ್ನಾಕೆ ಮುಷ್ಟಿಯನ್ನು ಹಿಟ್ಟಿನಲ್ಲಿ ಅದ್ದಿ ಒತ್ತಿ, ಬೆರಳ ತುದಿಯಿಂದ ಐದೈದು ಬೊಟ್ಟು ಇಟ್ಟಂಥವು. ಅಧಿಕಾರಿ ಸ್ಕೇಲಿಟ್ಟು ಅಳೆದಳು: 6 ಸೆಂ.ಮೀ. ಪಾದದ ಉದ್ದ ಎತ್ತರದ ಸುಮಾರು ಶೇ. 15 ಎಂಬ ತಮ್ಮ ಸೂತ್ರವನ್ನು ಅಪ್ಪನಿಂದ ಲೆಕ್ಕ ಹಾಕಿಸಿದಳು. ಶಂಕಿತನ ಎತ್ತರ 40 ಸೆಂ.ಮೀ. ಒಳಗೆ ಹೋದ ಹೆಜ್ಜೆಗಳಿವೆ, ಹೊರಗೆ ಬಂದವಿಲ್ಲ. ಆದ್ದರಿಂದ ಆಸಾಮಿ ಇನ್ನೂ ಮನೆಯೊಳಗೇ ಇದ್ದಾನೆ. ತಿನ್ನುವ ಪದಾರ್ಥ ಕದ್ದ ಹಳೆಯ ದಾಖಲೆಯೂ ಅವನ ಮೇಲಿದೆ, ಬೆಣ್ಣೆಯದ್ದು. ಇಷ್ಟು ಅಚ್ಚುಕಟ್ಟಾದ ವರದಿಯನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

ಸಾಕ್ಷ್ಯ ಉಳಿಯಬೇಕಲ್ಲ, ಆ ಪಾದಗಳ ಮೇಲೆ ಪ್ಲಾಸ್ಟರ್ ಸುರಿದಳು. ಅದು ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಮಗು ಅದರೊಳಗೆ ಕೈಯಿಟ್ಟು ಕೂರಬಾರದು. ಈ ಮುಖ್ಯ ಮಾತನ್ನು ತಾವು ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಅಕ್ಷರದಲ್ಲಿ ಮುದ್ರಿಸಿದ್ದೀರಿ. ಭೂತಗನ್ನಡಿ ಕೊಟ್ಟ ಉದ್ದೇಶ ನನಗೆ ಆಗ ತಿಳಿಯಿತು. ಮಿಕ್ಕದ್ದನ್ನು ಸಿಂಕಿಗೆ ಸುರಿದರೆ ಕೊಳವೆಯೊಳಗೇ ಕಲ್ಲಾಗುತ್ತದೆ ಎಂಬುದನ್ನಂತೂ ಯಾವ ಅಕ್ಷರದಲ್ಲೂ ಮುದ್ರಿಸಿಲ್ಲ. ಪ್ಲಂಬರ್ ಬಂದು ಹೋದರು. ಹೋಗುವ ಮುಂಚೆ ಅವರ ಬೆರಳಚ್ಚನ್ನೂ ತೆಗೆದುಕೊಳ್ಳಲಾಯಿತು.

ಪುಸ್ತಿಕೆಯ ಇನ್ನೊಂದು ಅಧ್ಯಾಯದಲ್ಲಿ, ಬೆದರಿಕೆ ಪತ್ರ ಬರೆದ ಪೆನ್ನು ಯಾವುದೆಂದು ತಿಳಿಯಲು ‘ಕಾಫಿ ಫಿಲ್ಟರನ್ನು ಉದ್ದುದ್ದ ಕತ್ತರಿಸಿ’ ಎಂದಿರಿ. ನಮ್ಮ ಮನೆಯದು ಹಿತ್ತಾಳೆಯದು, ಮದುವೆಯಲ್ಲಿ ಬಂದದ್ದು. ಅಧಿಕಾರಿ ಪ್ರಯತ್ನಿಸಿದಳು, ಕತ್ತರಿ ಸೋತಿತು. ಕೊನೆಗೆ ಕೈಹಿಡಿದದ್ದು ಒಂದು ಸೀಮೆಸುಣ್ಣ. ಬುಡದಿಂದ ತುಸು ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಸುತ್ತ ಗೆರೆ ಎಳೆದು, ಗೆರೆ ಮುಳುಗದಷ್ಟು ನೀರಿನಲ್ಲಿ ನಿಲ್ಲಿಸಿದೆವು. ನೀರು ಮೇಲೆ ಹತ್ತುತ್ತಾ ಆ ಒಂದೇ ಕಪ್ಪನ್ನು ನೀಲಿ, ನೇರಳೆ, ಹಳದಿ ಎಂದು ಬಿಡಿಸಿಟ್ಟಿತು. ಇನ್ನೊಂದು ಪೆನ್ನಿನ ಕಪ್ಪು ಬೇರೆಯೇ ಥರ ಬಿಚ್ಚಿಕೊಂಡಿತು. ಮಗು ಬಾಯಿ ಬಿಟ್ಟುಕೊಂಡು ನೋಡಿತು, ನಾನೂ ನೋಡಿದೆ. ಗುಪ್ತ ಲಿಪಿ ಓದಲು ಬೇರೆ ದ್ರಾವಣ ಕೊಳ್ಳಬೇಕೆಂದಿರಿ. ಸೋಡಾ ನೀರಿನಲ್ಲಿ ಬರೆದು ಒಣಗಿಸಿದ ಕಾಗದಕ್ಕೆ ಕದಡಿದ ಅರಿಶಿನ ಸವರಿದೆವು, ಅಕ್ಷರಗಳು ಕೆಂಪಗೆ ಎದ್ದವು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವವರಿಗೆ ಇದೇನು ಹೊಸದಲ್ಲ. ಈ ಎರಡು ಸಂತೋಷಗಳಲ್ಲೂ ತಮ್ಮ ಪಾತ್ರ ಇರಲಿಲ್ಲವೆಂದು ವಿನಯಪೂರ್ವಕ ಅರಿಕೆ.

ತಮ್ಮ ಸುಳ್ಳು ಪತ್ತೆ ಯಂತ್ರ ಎರಡು ತಗಡು, ಒಂದು ಕೆಂಪು ದೀಪ. ಬೆರಳು ತೇವವಾಗಿದ್ದರೆ ಉರಿಯುತ್ತದೆ. ಅಕ್ಕಿ ತೊಳೆದು ಬಂದ ನನ್ನಾಕೆ ತನ್ನ ಹೆಸರು ಹೇಳಿದ್ದೂ ಸುಳ್ಳೆಂದಾಯಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳು ಪತ್ತೆ, ಮಂಪರು ಪರೀಕ್ಷೆಗೆ ಒಳಪಡಿಸಕೂಡದೆಂದು ಸುಪ್ರೀಂ ಕೋರ್ಟು 2010ರಲ್ಲಿ ಸೆಲ್ವಿ ಪ್ರಕರಣದಲ್ಲಿ ಹೇಳಿದೆ, ಎದುರು ಪಕ್ಷ ನಮ್ಮ ಕರ್ನಾಟಕ ರಾಜ್ಯವೇ ಎಂದು ಅಧಿಕಾರಿಗೆ ವಿವರಿಸಿದೆ. “ಒಪ್ಪಲ್ಲ ಅಂದ್ರೆ ಅಜ್ಜೀನೇ ಕಳ್ಳಿ, ತಾತ” ಎಂದಳು.

ಇನ್ನು ತಮ್ಮ ಶಂಕಿತರ ಪಟ್ಟಿ. ಪುಸ್ತಿಕೆಯ ಕಥೆಯಲ್ಲಿ ಬಂಗಲೆಯ ಯಜಮಾನಿಯ ವಜ್ರದ ಹಾರ ಕಳುವಾಗಿದೆ. ಶಂಕಿತರು ಅಡುಗೆಯಾಕೆ, ಡ್ರೈವರು, ಮನೆ ಗುಡಿಸುವಾಕೆ, ತೋಟದ ಮಾಲಿ. ಯಜಮಾನರ ಕಡೆಯವರು ಒಬ್ಬರೂ ಇಲ್ಲ. ವಿಮೆ ಹಣಕ್ಕಾಗಿ ಸ್ವಂತ ಹಾರವನ್ನೇ ಬಚ್ಚಿಡುವವರ ಬಗ್ಗೆ ತಾವು ಕೇಳಿಲ್ಲವೇನೋ. ಇದನ್ನು ಓದಿಸಿಕೊಂಡ ಮಗು ಶಾಯಿ ಪ್ಯಾಡು ಹಿಡಿದು ನೇರವಾಗಿ ಹೋದದ್ದು ನಮ್ಮಲ್ಲಿ ಪಾತ್ರೆ ತೊಳೆಯಲು ಬರುವಾಕೆಯ ಬಳಿಗೆ. ಆಕೆ ನಕ್ಕು ಕೈ ಚಾಚಿದರು. ಅಚ್ಚು ಮೂಡಲಿಲ್ಲ. ಎಷ್ಟೋ ವರ್ಷ ಹತ್ತಾರು ಮನೆಗಳ ಪಾತ್ರೆ ಉಜ್ಜಿ ಬೆರಳಿನ ಏಣುಗಳು ಸವೆದಿವೆ. ರೇಷನ್ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ, ಒಂದೊಂದು ತಿಂಗಳು ಅಕ್ಕಿಗೆ ಮತ್ತೆ ಮತ್ತೆ ಅಲೆಯಬೇಕು ಎಂದರು. ತನಿಖಾಧಿಕಾರಿಯ ಪುಸ್ತಕದಲ್ಲಿ ದಾಖಲಾದದ್ದು: ‘ಅಚ್ಚು ಇಲ್ಲ. ಅನುಮಾನ ಇದೆ.’ ಆರು ವರ್ಷಕ್ಕೇ ಇಷ್ಟು ಲೋಕಜ್ಞಾನ ಕೊಡಿಸಿದ ತಮಗೆ ಏನೆಂದು ಧನ್ಯವಾದ ಹೇಳಲಿ? ಸೊಸೆ ಆ ಹಾಳೆಯನ್ನು ಹರಿದಳು. ಸಾಕ್ಷ್ಯನಾಶದ ಆರೋಪ ಈಗ ಅವಳ ಮೇಲೆ.

ಪುಸ್ತಿಕೆಯ ಹಿಂಬದಿಗೆ ಬೆರಳಚ್ಚಿನ ಚರಿತ್ರೆಯನ್ನೂ ದಯಪಾಲಿಸಿದ್ದೀರಿ. ಅದು ಲಂಡನ್ನಿನಲ್ಲಿ ಶುರುವಾಗಿ ಲಂಡನ್ನಿನಲ್ಲೇ ಮುಗಿಯುತ್ತದೆ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ತೆರೆದದ್ದು ಕಲ್ಕತ್ತೆಯಲ್ಲಿ, 1897ರಲ್ಲಿ. ಅಚ್ಚುಗಳನ್ನು ವಿಂಗಡಿಸಿಡುವ ಲೆಕ್ಕಾಚಾರಕ್ಕೆ ತಲೆ ಸವೆಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಮುಖ್ಯರು. ಪದ್ಧತಿಗೆ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಗುಮಾಸ್ತನಾಗಿದ್ದ ನನಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ತಮ್ಮ ಎಲ್ಲ ಉಪಕಾರಗಳಿಗೂ ಕಳಶವಿಟ್ಟದ್ದು ಕೊನೆಯ ಪುಟಕ್ಕೆ ಅಂಟಿಸಿದ ಲಕೋಟೆ: ‘ಕಳ್ಳ ಯಾರು?’ ತನಿಖೆ ಮುಗಿಯುವ ಮೊದಲೇ ಮಗು ಅದನ್ನು ಒಡೆಯಿತು. ಯಾವ ಮಗು ಒಡೆಯುವುದಿಲ್ಲ? ಒಳಗಿದ್ದ ಉತ್ತರ, ತೋಟದ ಮಾಲಿ. ನಮಗೆ ತೋಟವಿಲ್ಲ. ಕುಂಡಗಳಿವೆ, ಅವಕ್ಕೆ ನೀರು ಹಾಕುವವನು ನಾನು. ಅಲ್ಲಿಗೆ ದೇವರಮನೆಯ ಶಂಕಿತ ದೋಷಮುಕ್ತನಾದ. ಆಮೇಲೆ ನಡೆದದ್ದೆಲ್ಲ ತೀರ್ಪಿಗೆ ಒಪ್ಪುವ ಸಾಕ್ಷ್ಯ ಹುಡುಕುವ ಕೆಲಸ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದವರು ಇಂಥ ಲಕೋಟೆಯ ಸೌಕರ್ಯವಿಲ್ಲದೆ ಹೇಗೆ ನಿಭಾಯಿಸುತ್ತಾರೋ ಕಾಣೆ. ದೊಡ್ಡ ದೊಡ್ಡವರೂ ಆತುರಪಟ್ಟದ್ದುಂಟು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಸಿಕ್ಕ ಚೀಲವೊಂದರ ಮೇಲಿನ ಅಚ್ಚು ಅಮೆರಿಕದ ವಕೀಲರೊಬ್ಬರದೇ ಎಂದು ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು, ಆ ವಕೀಲರನ್ನು ಹಿಡಿದಿಟ್ಟರು. ಅದು ಅಲ್ಜೀರಿಯದ ಇನ್ನೊಬ್ಬನದೆಂದು ಸ್ಪೇನಿನ ಪೊಲೀಸರು ತೋರಿಸಿದ ಮೇಲೆ ಕ್ಷಮೆ ಕೇಳಿದರು. ನನ್ನ ವಿಷಯದಲ್ಲಿ ತಮ್ಮಿಂದ ಇನ್ನೂ ಪತ್ರ ಬಂದಿಲ್ಲ.

ಆದಕಾರಣ ಪಾದಾರವಿಂದಗಳಲ್ಲಿ ಸಣ್ಣ ಬಿನ್ನಹ. ಮುಂದಿನ ಸಲ ಅಚ್ಚಾಗುವಾಗ ಆ ಲಕೋಟೆಯನ್ನು ಕೈಬಿಡಿ. ಶಂಕಿತರ ಪಟ್ಟಿಯಲ್ಲಿ ಮೊದಲ ಹೆಸರು ಬಂಗಲೆಯ ಯಜಮಾನರದಿರಲಿ. ಮನಸ್ಸು ಒಪ್ಪದಿದ್ದರೆ ಎರಡನೆಯದಾದರೂ. ವರದಿಯ ನಮೂನೆಯಲ್ಲಿ ‘ಹೌದು’, ‘ಅಲ್ಲ’ ಎಂಬ ಎರಡೇ ಚೌಕ ಇವೆ, ‘ಗೊತ್ತಾಗಲಿಲ್ಲ’ ಎಂಬುದಕ್ಕೂ ಒಂದು ಚೌಕ ಕೊಡಿ. ಪ್ಲಾಸ್ಟರಿನ ಎಚ್ಚರಿಕೆಯನ್ನು ಬರಿಗಣ್ಣಿಗೆ ಕಾಣುವ ಹಾಗೆ ಹಾಕಿ. ಇಷ್ಟು ಅನುಗ್ರಹಿಸಿದರೆ ಬರುವ ಅಷ್ಟಮಿಗೆ ಒಂದು ಡಬ್ಬ ಕೋಡುಬಳೆ ತಮ್ಮ ವಿಳಾಸಕ್ಕೆ ಕಳಿಸುತ್ತೇವೆ. ತಲುಪಿದ ಕೂಡಲೇ ದಯವಿಟ್ಟು ಎಣಿಸಿಕೊಳ್ಳಿ.

ಇಂತಿ ತಮ್ಮ ಆಜ್ಞಾಧಾರಕ,
ತೋಟದ ಮಾಲಿ (ಪ್ರಭಾರ)